ನಿಮ್ಮ ಕೋಳಿಗೆ ಎಂಥ ಕೋಲು?

ಈ ಸಲ ಬಂದಿರೋ ಪ್ರಶ್ನೆಗಳನ್ನೆಲ್ಲ ಮುಂದೆ ಹರಡಿಕೊಂಡು ಕೂತೆ. ಒಬ್ಬರು ಮೊಟ್ಟೆ ಗಲೀಜಾಗ್ತಿದೆ ಅಂತ ಬರೆದಿದಾರೆ, ಇನ್ನೊಬ್ಬರು ಕೋಳಿ ಕುಂಟ್ತಿದೆ ಅಂತ, ಮತ್ತೊಬ್ಬರು ಸಂಜೆಯಾದ್ರೆ ಗೂಡಲ್ಲಿ ಜಗಳ ಅಂತ. ಕೇಳಿರೋದು ಬೇರೆ ಬೇರೆ, ಆದ್ರೆ ಪೂರ್ತಿ ಓದಿದ್ರೆ ಎಲ್ಲದರ ಮೂಲ ಒಂದೇ ಕಡೆ ಇದೆ, ಕೋಳಿ ರಾತ್ರಿ ಕೂರೋ ಕೋಲು. ಮೇವು, ನೀರು, ಔಷಧಿಗೆ ಎಷ್ಟು ತಲೆ ಕೆಡಿಸಿಕೊಳ್ತೀವೋ ಅದರ ಕಾಲು ಭಾಗನೂ ಈ ಕೋಲಿಗೆ ಕೆಡಿಸಿಕೊಳ್ಳಲ್ಲ, ಕೈಗೆ ಸಿಕ್ಕಿದ್ದು ಯಾವ್ದೋ ಒಂದು ಅಡ್ಡ ಹಾಕಿ ಕೈ ತೊಳ್ಕೊಂಡುಬಿಡ್ತೀವಿ. ಕೋಳಿ ಮಾತ್ರ ದಿನದಲ್ಲಿ ಹತ್ತು ಹನ್ನೆರಡು ಗಂಟೆ ಅದರ ಮೇಲೇ ಕಳೀಬೇಕು. ಅದಕ್ಕೇ ಈ ಸಂಚಿಕೆ ಪೂರ್ತಿ ಇದೇ ವಿಷಯಕ್ಕೆ ಬಿಟ್ಟಿದೀನಿ.

ಪ್ರಶ್ನೆ: ಎಂಟು ಹೇಂಟೆ, ಒಂದು ಹುಂಜ ಇವೆ. ಗೂಡು ನಾವೇ ಕಟ್ಟಿದ್ವಿ. ಮನೆ ಕೆಲಸದಲ್ಲಿ ಉಳಿದಿದ್ದ ಪಿವಿಸಿ ಪೈಪನ್ನೇ ಅಡ್ಡ ಹಾಕಿದೀವಿ, ನೋಡೋಕೆ ನೀಟಾಗಿದೆ, ತೊಳೆಯೋಕೂ ಸುಲಭ. ಆದ್ರೆ ಒಂದು ಕೋಳಿನೂ ಅದರ ಮೇಲೆ ಕೂರಲ್ಲ. ಎಲ್ಲ ಹೋಗಿ ಮೊಟ್ಟೆ ಇಡೋ ಪೆಟ್ಟಿಗೆಯಲ್ಲಿ ತುರುಕಿಕೊಂಡು ಮಲಗ್ತವೆ, ಬೆಳಗ್ಗೆ ಮೊಟ್ಟೆಗೆಲ್ಲ ಹಿಕ್ಕೆ ಮೆತ್ತಿರುತ್ತೆ. ಪೈಪ್ ದಪ್ಪ ಸಾಲದಾ? ಮರದ್ದೇ ಆಗ್ಬೇಕಾ? ಆದ್ರೆ ಯಾವ ಸೈಜು?

ಉತ್ತರ: ಪೈಪನ್ನ ಇವತ್ತೇ ತೆಗೆದುಬಿಡಿ. ದಪ್ಪದ ಪ್ರಶ್ನೆ ಆಮೇಲೆ, ಮೊದಲನೇ ತೊಂದ್ರೆ ಅದರ ನುಣುಪು. ನಿಮ್ಮ ಒಂದು ಕೋಳಿನ ಎತ್ತಿಕೊಂಡು ಅದರ ಪಾದ ನೋಡಿ. ಮುಂದೆ ಮೂರು ಬೆರಳು, ಹಿಂದೆ ಒಂದು, ಅಡಿಯಲ್ಲಿ ಮೆತ್ತನೆ ದಿಂಬಿನ ಥರ ಇರುತ್ತೆ. ಕೋಳಿ ಕಾಲು ಮಡಚಿ ಕೂತಾಗ ಕಾಲಿನ ಹಿಂಭಾಗದ ಸ್ನಾಯುರಜ್ಜು ಎಳೆದುಕೊಂಡು ಬೆರಳುಗಳು ತಾವಾಗೇ ಒಳಗೆ ಮಡಚಿಕೊಳ್ಳುತ್ತೆ, ಅದರಿಂದಲೇ ನಿದ್ದೆಯಲ್ಲೂ ಅದು ಕೆಳಗೆ ಬೀಳದೆ ಕೂತಿರೋದು. ಆದ್ರೆ ಹಿಡಿಯೋ ವಸ್ತುಗೆ ಸ್ವಲ್ಪ ತರಿ ಇರ್ಬೇಕಲ್ವಾ, ಪ್ಲಾಸ್ಟಿಕ್ ಪೈಪ್ ಮೇಲೆ ಉಗುರು ಕಚ್ಚಲ್ಲ, ಒಂಚೂರು ತೇವ ಆದ್ರಂತೂ ಪೂರ್ತಿ ಜಾರುತ್ತೆ, ರಾತ್ರಿಯಿಡೀ ಬಿಗಿ ಹಿಡ್ಕೊಂಡೇ ಇರ್ಬೇಕಾಗುತ್ತೆ. ಒಂದೆರಡು ಸಲ ಜಾರಿದ ಮೇಲೆ ಅವು ಆ ಕಡೆ ತಲೆ ಹಾಕಲ್ಲ. ಕಬ್ಬಿಣದ ಪೈಪ್‌ಗೂ ಇದೇ ಮಾತು, ಜೊತೆಗೆ ಅದು ಚಳೀಲಿ ಪಾದದ ಬಿಸಿನೆಲ್ಲ ಹೀರಿಕೊಳ್ಳುತ್ತೆ, ಬಿಸಿಲು ಬಿದ್ರೆ ಸುಡುತ್ತೆ.

ಮರದ್ದೇ ಹಾಕಿ. ಯಾವ ಜಾತಿ ಮರ ಅನ್ನೋದಕ್ಕೆ ಬಹಳ ತಲೆ ಕೆಡಿಸಿಕೊಳ್ಬೇಡಿ, ಗಟ್ಟಿ ಇರ್ಬೇಕು, ಸಿಬಿರು ಏಳಬಾರದು, ಗೆದ್ದಲು ಔಷಧಿನೋ ಹೊಸ ಪೇಂಟೋ ಬಳಿದಿರೋದು ಆಗಬಾರದು ಅಷ್ಟೇ, ಯಾಕಂದ್ರೆ ಕೋಳಿ ಏನು ಸಿಕ್ಕಿದ್ರೂ ಕುಕ್ಕಿ ನೋಡುತ್ತೆ. ಅಗಲ ಮಾತ್ರ ಸರಿಯಾಗಿ ನೋಡ್ಕೊಳ್ಳಿ. ಮಾಮೂಲಿ ಸೈಜಿನ ಕೋಳಿಗೆ ಮೇಲ್ಭಾಗ ಚಪ್ಪಟೆಯಾಗಿ 4ರಿಂದ 6 ಸೆಂ.ಮೀ. ಅಗಲ ಇರೋ ರೀಪು ಚೆನ್ನಾಗಿ ಒಗ್ಗುತ್ತೆ, ಗುಜ್ಜಾರಿ ಕೋಳಿಗೆ 3-4 ಸಾಕು. ಎರಡು ಅಂಚನ್ನೂ ಕೀಸುಳಿ ಹೊಡೆದು, ಉಪ್ಪುಕಾಗದ ಹಾಕಿ ಉಜ್ಜಿ ದುಂಡಗೆ ಮಾಡಿ. ಚೂಪು ಅಂಚು ಬಿಟ್ರೆ ಬೆರಳು ಮಡಚೋ ಜಾಗದಲ್ಲೇ ಒತ್ತುತ್ತೆ.

ಹಕ್ಕಿ ಅಂದ್ರೆ ದುಂಡನೆ ಕೊಂಬೆ ಮೇಲೆ ಕೂರೋದು, ಚಪ್ಪಟೆ ಯಾಕೆ ಅಂತ ತುಂಬಾ ಜನ ಕೇಳ್ತಾರೆ. ಕೂತಾಗ ಕೋಳಿ ಭಾರ ಪಾದದ ಮೇಲೆ ಒಂದೇ ಅಲ್ಲ, ಎದೆಮೂಳೆ ಮೇಲೂ ಬೀಳುತ್ತೆ. ಸಣ್ಣ ದುಂಡು ಕೋಲಾದ್ರೆ ಅಷ್ಟೂ ಭಾರ ಒಂದು ಗೆರೆ ಮೇಲೆ ಬಿದ್ದ ಹಾಗೆ. ನಮ್ಮ ಕೋಳಿಗಳು ಅವುಗಳ ಮೂಲ ಆದ ಕೆಂಪು ಕಾಡುಕೋಳಿಗಿಂತ ಎಷ್ಟೋ ತೂಕ, ಹಿಡಿಯಷ್ಟು ಗುಬ್ಬಿಯ ಲೆಕ್ಕ ಇವಕ್ಕೆ ಹಾಕಕ್ಕಾಗಲ್ಲ. ದಪ್ಪ ಕೊಂಬೆನೇ ಸಿಕ್ತು ಅನ್ನಿ, ನಿಮ್ಮ ಮಣಿಕಟ್ಟಿನಷ್ಟು ದಪ್ಪ, ಅದು ಖಂಡಿತ ನಡೆಯುತ್ತೆ, ತೊಗಟೆ ಪೂರ್ತಿ ಸುಲಿದು ಹಾಕಿ. ನೀರು ಹೆಪ್ಪುಗಟ್ಟೋ ಅಷ್ಟು ಚಳಿ ಇರೋ ಜಾಗದವರು ಇನ್ನೂ ಅಗಲ, 8-9 ಸೆಂ.ಮೀ. ತನಕ ಹೋಗ್ಬಹುದು, ಆಗ ಬೆರಳು ಕೆಳಗೆ ಇಳಿಯದೆ ಚಪ್ಪಟೆಯಾಗಿ ಕೂತು ಹೊಟ್ಟೆ ಪುಕ್ಕದ ಅಡಿ ಬೆಚ್ಚಗಿರುತ್ತೆ.

ಉದ್ದದ ಲೆಕ್ಕ: ಒಂದು ಕೋಳಿಗೆ ಒಂದು ಗೇಣು ಅಂತ ಇಟ್ಕೊಳ್ಳಿ, ಸುಮಾರು 25 ಸೆಂ.ಮೀ. ನಿಮ್ಮ ಒಂಬತ್ತಕ್ಕೆ ಎರಡೂಕಾಲು ಮೀಟರ್. ಯುರೋಪಿಯನ್ ಒಕ್ಕೂಟದ 1999ರ ನಿಯಮದಲ್ಲಿ ಮೊಟ್ಟೆ ಕೋಳಿ ಒಂದಕ್ಕೆ ಕನಿಷ್ಠ 15 ಸೆಂ.ಮೀ. ಅಂತ ಇದೆ, ಅದು ಸಾವಿರಗಟ್ಟಲೆ ಸಾಕೋ ಫಾರಂಗಳಿಗೆ ಹಾಕಿದ ಕೆಳಗಿನ ಮಿತಿ, ಹಿತ್ತಲಲ್ಲಿ ಒಂಬತ್ತು ಸಾಕೋರು ಅಷ್ಟು ಜಿಪುಣತನ ಮಾಡೋದು ಬೇಡ. ಅದೇ ನಿಯಮದ ಇನ್ನೊಂದು ಮಾತು ಮಾತ್ರ ಹಾಗೇ ತಗೊಳ್ಳಿ, ಗೋಡೆಯಿಂದ ಕೋಲಿಗೆ 20 ಸೆಂ.ಮೀ., ಎರಡು ಕೋಲಿನ ಮಧ್ಯ 30 ಸೆಂ.ಮೀ. ಬಿಡ್ಬೇಕು. ಗೋಡೆಗೆ ಅಂಟಿಸಿದ್ರೆ ಬಾಲ ತಾಗಿ ಕೋಳಿ ಸೊಟ್ಟಗೆ ಕೂರುತ್ತೆ, ಹಿಕ್ಕೆ ಎಲ್ಲ ಗೋಡೆಗೇ.

ಇನ್ನು ಪೆಟ್ಟಿಗೆ ವಿಷಯ. ನಿಮ್ಮ ಪೈಪ್ ಎಷ್ಟು ಎತ್ತರದಲ್ಲಿತ್ತು ಅಂತ ನೀವು ಬರೆದಿಲ್ಲ, ಆದ್ರೆ ಕೋಲು ಮೊಟ್ಟೆ ಪೆಟ್ಟಿಗೆಗಿಂತ ಎತ್ತರದಲ್ಲೇ ಇರ್ಬೇಕು. ಕತ್ತಲಾಗ್ತಾ ಬಂದ ಹಾಗೆ ಕೋಳಿ ಹುಡುಕೋದು ಆ ಗೂಡಲ್ಲಿ ಎಲ್ಲಕ್ಕಿಂತ ಮೇಲಿನ ಜಾಗನ, ಪೆಟ್ಟಿಗೆ ಮೇಲಿದ್ರೆ ಅಲ್ಲಿಗೇ ಹೋಗುತ್ತೆ, ಅದರ ತಪ್ಪಲ್ಲ. ಹೊಸ ಕೋಲು ಹಾಕಿದ ಮೇಲೂ ನಾಲ್ಕೈದು ದಿನ ಹಳೇ ಚಾಳಿ ಬಿಡಲ್ಲ. ಸಂಜೆ ಪೆಟ್ಟಿಗೆ ಬಾಯಿಗೆ ಹಲಗೆ ಅಡ್ಡ ಇಟ್ಟು, ಪೂರ್ತಿ ಕತ್ತಲಾದ ಮೇಲೆ ಒಂದೊಂದನ್ನೇ ಮೆಲ್ಲಗೆ ಎತ್ತಿ ಕೋಲಿನ ಮೇಲೆ ಕೂರಿಸಿ, ಕತ್ತಲಲ್ಲಿ ಅವಕ್ಕೆ ಕಣ್ಣು ಸರಿಯಾಗಿ ಕಾಣಲ್ಲ, ಗಲಾಟೆ ಮಾಡದೆ ಕೂತ್ಕೊಳ್ತವೆ. ಬೆಳಗ್ಗೆ ಬೇಗ ಹಲಗೆ ತೆಗೀರಿ, ಮೊಟ್ಟೆ ಇಡೋ ಹೊತ್ತಿಗೆ ಪೆಟ್ಟಿಗೆ ತೆರೆದಿರ್ಬೇಕು. ಒಂದು ವಾರ ಇಷ್ಟು ಮಾಡಿ, ಸರಿಹೋಗುತ್ತೆ.

ಮರೆಯೋ ಮುಂಚೆ, ಕೋಲು ಅಲ್ಲಾಡಬಾರದು, ಉರುಳಬಾರದು. ಮೀಟರು ಮೀಟರೂವರೆಗೆ ಒಂದು ಆಸರೆ ಕೊಡಿ. ಮೊಳೆ ಹೊಡೆದು ಕೂರಿಸಬೇಡಿ, ಎರಡೂ ಕಡೆ ಕಟ್ಟಿಗೆಗೆ ಕಚ್ಚು ಹಾಕಿ ಅದರಲ್ಲಿ ಬಿಗಿಯಾಗಿ ಕೂರೋ ಹಾಗೆ ಮಾಡಿ, ಬೇಕಾದಾಗ ಎತ್ತಿ ಹೊರಗೆ ತರೋಕೆ ಬರಬೇಕು. ಯಾಕೆ ಅಂತ ಮುಂದೆ ನುಸಿ ಬಗ್ಗೆ ಬರೆದಿರೋದು ಓದಿ.

ಪ್ರಶ್ನೆ: ನಮ್ಮದು ಬ್ರಹ್ಮ ಜಾತಿ ಕೋಳಿ, ಐದಿವೆ. ಒಂದು ಹೇಂಟೆ ಹತ್ತು ದಿನದಿಂದ ಕುಂಟ್ತಿದೆ. ಪಾದದ ಅಡಿ ಊದಿಕೊಂಡು ನಡುವೆ ಕಪ್ಪು ಹಕ್ಕಳೆ ಥರ ಇದೆ. ಕೂರೋ ಕೋಲು ನನ್ನ ಎದೆ ಎತ್ತರದಲ್ಲಿದೆ, ಕೆಳಗೆ ಸಿಮೆಂಟ್ ನೆಲ. ಕೋಲಿಗೂ ಇದಕ್ಕೂ ಸಂಬಂಧ ಇದ್ಯಾ?

ಉತ್ತರ: ಇದೆ. ನೀವು ಹೇಳೋ ಲಕ್ಷಣ ನೋಡಿದ್ರೆ ಅದು ಬಂಬಲ್‌ಫುಟ್ ಇರೋ ಹಾಗಿದೆ, ಪಾದದ ಚರ್ಮ ಎಲ್ಲೋ ಸಣ್ಣದಾಗಿ ಒಡೆದು ಒಳಗೆ ಬ್ಯಾಕ್ಟೀರಿಯಾ ಸೇರಿ ಕೀವಾಗೋದು, ಬಹಳ ಸಲ ಸ್ಟೆಫೈಲೊಕಾಕಸ್ ಅನ್ನೋ ಜಾತಿದು. ದಯವಿಟ್ಟು ಪಶುವೈದ್ಯರಿಗೆ ತೋರಿಸಿ. ಬ್ಲೇಡಲ್ಲಿ ಕೊಯ್ಯೋಕೆ ಮಾತ್ರ ಹೋಗ್ಬೇಡಿ, ಹತ್ತು ದಿನ ಅಂದ್ರೆ ಒಳಗೆ ಗಟ್ಟಿ ಗಂಟಾಗಿರಬಹುದು, ಸೋಂಕು ಮೂಳೆಗೆ ಇಳಿದ್ರೆ ಉಳಿಸೋದು ಕಷ್ಟ. ಮುಟ್ಟೋವಾಗ ಗ್ಲೌಸ್ ಹಾಕ್ಕೊಳ್ಳಿ, ಆ ಬ್ಯಾಕ್ಟೀರಿಯಾ ನಮಗೂ ಬರುತ್ತೆ. ವೈದ್ಯರ ಹತ್ರ ಹೋಗೋ ತನಕ ಅದನ್ನ ಬೇರೆ ಇಟ್ಟು, ಒಣ ಹುಲ್ಲು ದಪ್ಪಕ್ಕೆ ಹಾಸಿ ಕೆಳಗೇ ಮಲಗಿಸಿ.

ಈಗ ಕೋಲು. ಲೆಗ್‌ಹಾರ್ನ್ ಥರ ಹಗುರ ಕೋಳಿ ಒಂದು ಮೀಟರ್ ಎತ್ತರಕ್ಕೆ ಹಾರಿ ಕೂತು ಅಷ್ಟೇ ಸಲೀಸಾಗಿ ಇಳಿಯುತ್ತೆ. ಬ್ರಹ್ಮ, ಕೊಚಿನ್, ಆರ್ಪಿಂಗ್ಟನ್ ಅಂಥವಕ್ಕೆ ಮೈ ಭಾರಕ್ಕೆ ತಕ್ಕ ರೆಕ್ಕೆ ಬಲ ಇಲ್ಲ. ಹತ್ತೋದು ಹೇಗೋ ಹತ್ತಿಬಿಡ್ತವೆ, ಪೆಟ್ಟು ಬೀಳೋದು ಇಳಿಯುವಾಗ. ದಿನಾ ಬೆಳಗ್ಗೆ ಎದೆ ಎತ್ತರದಿಂದ ಸಿಮೆಂಟ್ ಮೇಲೆ ಧೊಪ್ಪಂತ ಬೀಳ್ತಿದ್ರೆ ಪಾದ ಒಡೆಯದೆ ಇರುತ್ತಾ ಹೇಳಿ. ಎದೆಮೂಳೆಗೂ ಪೆಟ್ಟು, ಅದರ ತುದಿ ಕೋಳಿ ಮೊಟ್ಟೆ ಶುರು ಮಾಡಿ ಕೆಲವು ತಿಂಗಳಾದ್ರೂ ಪೂರ್ತಿ ಗಟ್ಟಿಯಾಗಿರಲ್ಲ.

ನಿಮ್ಮ ಕೋಲನ್ನ ಮೊಣಕಾಲಿಗಿಂತ ಕೆಳಗೆ ಇಳಿಸಿ, 30ರಿಂದ 45 ಸೆಂ.ಮೀ. ಒಳಗೆ. ಮೊಟ್ಟೆ ಪೆಟ್ಟಿಗೆನೂ ಅದಕ್ಕಿಂತ ಕೆಳಗೆ ತನ್ನಿ, ನೆಲಕ್ಕೇ ಇಟ್ರೂ ಪರವಾಗಿಲ್ಲ. ಅಗಲ 7-8 ಸೆಂ.ಮೀ. ಇರ್ಲಿ, ಒಂದೊಂದಕ್ಕೆ 30 ಸೆಂ.ಮೀ. ಗಿಂತ ಜಾಸ್ತಿ ಉದ್ದ ಕೊಡಿ. ಇಳಿಯೋ ಕಡೆ ಸಿಮೆಂಟ್ ಕಾಣಬಾರದು, ಮರದ ಹೊಟ್ಟೋ ಒಣಹುಲ್ಲೋ ನಾಲ್ಕು ಬೆರಳು ದಪ್ಪ ಹಾಸಿ, ಒದ್ದೆಯಾದ ಕೂಡ್ಲೇ ಬದಲಿಸಿ. ಎತ್ತರ ಇಳಿಸೋಕೆ ಆಗಲ್ಲ ಅಂದ್ರೆ ಒಂದು ಹಲಗೆನ ಇಳಿಜಾರಾಗಿ ಕೊಟ್ಟು ಅದರ ಮೇಲೆ ಅಡ್ಡ ಪಟ್ಟಿ ಬಡೀರಿ, ಆದ್ರೆ ಕಡಿದಾಗಿ ಬೇಡ, 45 ಡಿಗ್ರಿ ದಾಟಿದ್ರೆ ಅವು ಹಲಗೆ ಬಿಟ್ಟು ಹಾರೋಕೇ ನೋಡ್ತವೆ. ಉಳಿದ ನಾಲ್ಕರ ಪಾದನೂ ಇವತ್ತೇ ಎತ್ತಿ ನೋಡಿ, ಕುಂಟೋಕೆ ಶುರುವಾಗೋ ಮುಂಚೆನೇ ಸಣ್ಣ ಕೆಂಪು, ಸಣ್ಣ ಬಿಸಿ ಸಿಕ್ಕಿಬಿಡುತ್ತೆ.

ಪ್ರಶ್ನೆ: ಏಣಿ ಥರ ನಾಲ್ಕು ಮೆಟ್ಟಿಲಲ್ಲಿ ಕೋಲು ಕಟ್ಟಿದೀನಿ, ಕೆಳಗಿಂದ ಮೇಲಕ್ಕೆ. ಸಂಜೆ ಆರಕ್ಕೆ ಶುರು, ಮೇಲಿನ ಕೋಲಿಗೆ ಕಿತ್ತಾಟ, ಒಂದನ್ನೊಂದು ತಳ್ಳೋದು, ಕುಕ್ಕೋದು. ಕೆಳಗಿನ ಎರಡು ಕೋಲು ಖಾಲಿ. ಏನ್ಮಾಡ್ಲಿ?

ಉತ್ತರ: ಎಲ್ಲಾ ಕೋಲನ್ನೂ ಒಂದೇ ಎತ್ತರಕ್ಕೆ ತನ್ನಿ. ಕೋಳಿಗಳಲ್ಲಿ ಯಾರು ಮೇಲು ಯಾರು ಕೆಳಗು ಅನ್ನೋ ಸಾಲು ಇರುತ್ತೆ, 1920ರ ದಶಕದಲ್ಲಿ ನಾರ್ವೆಯ ಷೆಲ್ಡೆರಪ್-ಎಬ್ಬೆ ಅನ್ನೋರು ಕೋಳಿಗಳನ್ನ ನೋಡ್ತಾ ನೋಡ್ತಾ ಈ ಕುಕ್ಕೋ ಸಾಲನ್ನ ಗುರುತು ಮಾಡಿ ಬರೆದ್ರು. ಎಲ್ಲಕ್ಕಿಂತ ಮೇಲಿನ ಕೋಲು ಅಂದ್ರೆ ದೊಡ್ಡ ಹೇಂಟೆ ಜಾಗ, ಎಲ್ಲರಿಗೂ ಅದೇ ಬೇಕು. ನೀವು ಮೇಲು ಕೀಳು ಮಾಡಿ ಕಟ್ಟಿದಷ್ಟೂ ಜಗಳಕ್ಕೆ ಕಾರಣ ಜಾಸ್ತಿ. ಕೆಳಗೆ ಕೂತವರ ತಲೆ ಮೇಲೆ ಮೇಲಿನವರ ಹಿಕ್ಕೆ ಬೀಳೋದು ಬೇರೆ.

ಜಾಗ ಚಿಕ್ಕದು, ಏಣಿ ಥರನೇ ಬೇಕು ಅಂದ್ರೆ ಮೇಲಿನ ಒಂದೇ ಕೋಲಲ್ಲಿ ಎಲ್ಲ ಕೋಳಿಗೂ ಜಾಗ ಸಿಗೋ ಅಷ್ಟು ಉದ್ದ ಇಡಿ, ಕೆಳಗಿನದನ್ನ ಹತ್ತೋ ಮೆಟ್ಟಿಲು ಅಂತ ಮಾತ್ರ ಲೆಕ್ಕಕ್ಕೆ ತಗೊಳ್ಳಿ. ಕೂರೋ ಹೊತ್ತಲ್ಲಿ ಐದತ್ತು ನಿಮಿಷ ಗೊಣಗಾಟ, ಸರಿದಾಟ ಎಲ್ಲಾ ಗೂಡಲ್ಲೂ ಇರುತ್ತೆ, ಅದಕ್ಕೆ ಗಾಬರಿ ಬೇಡ. ರಕ್ತ ಬರ್ತಿದ್ರೆ, ಅಥವಾ ಒಂದೇ ಕೋಳಿ ದಿನಾ ನೆಲದ ಮೂಲೇಲಿ ಮಲಗ್ತಿದ್ರೆ ಆಗ ಗಮನ ಕೊಡಿ. ಹಾಗೆ ನೆಲಕ್ಕೆ ಬಿದ್ದ ಕೋಳಿ ಜಗಳದಲ್ಲಿ ಸೋತಿರಬಹುದು, ಇಲ್ಲಾ ಹುಷಾರಿಲ್ಲದೆ ಹತ್ತೋಕೆ ಆಗ್ತಿಲ್ಲದೆ ಇರಬಹುದು, ಎರಡನ್ನೂ ನೋಡ್ಬೇಕು.

ಇನ್ನೊಂದು, ಗೂಡಲ್ಲಿ ಬಲ್ಬ್ ಹಾಕಿ ಟಪ್ ಅಂತ ಆರಿಸೋ ಅಭ್ಯಾಸ ಇದ್ರೆ ಬಿಡಿ. ಮಬ್ಬುಗತ್ತಲೇಲಿ ಅವು ಜಾಗ ನೋಡ್ಕೊಂಡು ಕೂರ್ತವೆ, ಒಂದೇ ಸಲ ಕತ್ತಲಾದ್ರೆ ಹಾರೋಕೆ ಗೊತ್ತಾಗದೆ ಎಲ್ಲಿದ್ವೋ ಅಲ್ಲೇ ಒಂದರ ಮೇಲೊಂದು ಬೀಳ್ತವೆ.

ಪ್ರಶ್ನೆ: ಬಿದಿರು ಬೇಕಾದಷ್ಟಿದೆ. ಹಾಕಬಹುದಾ?

ಉತ್ತರ: ಹಾಕಬಹುದು, ಆದ್ರೆ ನನ್ನ ಮೊದಲ ಆಯ್ಕೆ ಅಲ್ಲ. ಮೈ ನುಣುಪು, ಒಳಗೆ ಪೊಳ್ಳು. ಹಾಕೋದೇ ಆದ್ರೆ 4-5 ಸೆಂ.ಮೀ. ದಪ್ಪದ್ದು ಆರಿಸಿ, ಮೇಲ್ಮೈನ ಒರಟು ಉಪ್ಪುಕಾಗದದಲ್ಲಿ ಚೆನ್ನಾಗಿ ಉಜ್ಜಿ ನುಣುಪು ತೆಗೀರಿ, ಎರಡೂ ತುದಿನ ಮರದ ಬಿರಡೆ ಹಾಕಿ ಮುಚ್ಚಿ, ಸೀಳು ಬಿಟ್ಟ ದಿನ ತೆಗೆದು ಬಿಸಾಕಿ. ಸೀಳಲ್ಲಿ ಬೆರಳು ಸಿಕ್ಕಿಕೊಂಡು ಮುರಿಯುತ್ತೆ, ನುಸಿಗಂತೂ ಅದು ಅರಮನೆ. ಹಗ್ಗನೋ ಗೋಣಿನೋ ಸುತ್ತಿದ್ರೆ ಹಿಡಿತ ಸಿಗುತ್ತೆ ಅಂತ ಕೆಲವರು ಹೇಳ್ತಾರೆ, ಸಿಗುತ್ತೆ ನಿಜ, ಆದ್ರೆ ಅದು ಹಿಕ್ಕೆ ಹೀರಿಕೊಂಡು ತೇವವಾಗೇ ಇರುತ್ತೆ, ಮಡಿಕೆ ಮಡಿಕೆಯಲ್ಲೂ ಹುಳ. ಬೇಡ.

ಪ್ರಶ್ನೆ: ವರ್ಷದಿಂದ ಚೆನ್ನಾಗಿ ಗೂಡು ಸೇರ್ತಿದ್ದ ಕೋಳಿಗಳು ಈಗ ಹದಿನೈದು ದಿನದಿಂದ ಸಂಜೆ ಬಾಗಿಲ ಹತ್ರನೇ ನಿಂತುಬಿಡ್ತವೆ, ಒಳಗೆ ಅಟ್ಟಿದ್ರೂ ಹೊರಗೆ ಬರ್ತವೆ. ಮೊಟ್ಟೆ ಕಮ್ಮಿಯಾಗಿದೆ. ಕೋಲಿನ ತುದೀಲಿ ಬೂದಿ ಥರ ಪುಡಿ ಕಾಣ್ತಿದೆ, ಗೆದ್ದಲಾ?

ಉತ್ತರ: ಇವತ್ತು ರಾತ್ರಿ ಹತ್ತು ಗಂಟೆ ಮೇಲೆ ಟಾರ್ಚ್ ತಗೊಂಡು ಗೂಡಿಗೆ ಹೋಗಿ. ಒಂದು ಬಿಳಿ ಕಾಗದ ತಗೊಂಡು ಕೋಲಿನ ಅಡಿಭಾಗನ, ತುದಿ ಕೂತಿರೋ ಕಚ್ಚನ್ನ ಒರೆಸಿ. ಕಾಗದದ ಮೇಲೆ ಕೆಂಪು ಗೀಟು ಬಂದ್ರೆ ಅದು ನಿಮ್ಮ ಕೋಳಿ ರಕ್ತ, ಕೆಂಪು ನುಸಿ ಹೊಟ್ಟೇಲಿದ್ದದ್ದು.

ಇದು ಒಂದು ಮಿಲಿಮೀಟರ್ ಕೂಡ ಇರಲ್ಲ. ಹಸಿದಾಗ ಬೂದು ಬಣ್ಣ, ರಕ್ತ ಕುಡಿದ್ರೆ ಕೆಂಪು. ಹಗಲೆಲ್ಲ ಕೋಲಿನ ಬಿರುಕಲ್ಲಿ, ತೊಗಟೆ ಅಡೀಲಿ, ಹಲಗೆ ಸೇರೋ ಸಂದೀಲಿ ಅಡಗಿರುತ್ತೆ, ರಾತ್ರಿ ಹೊರಗೆ ಬಂದು ಕೋಳಿ ಮೇಲೆ ಹತ್ತಿ ರಕ್ತ ಕುಡಿದು ಮತ್ತೆ ಬಿರುಕಿಗೆ. ಅದಕ್ಕೇ ಹಗಲು ಕೋಳಿ ಮೈ ಹುಡುಕಿದ್ರೆ ಏನೂ ಸಿಗಲ್ಲ, ನಾವು ಮೇವು ಸರಿಯಿಲ್ಲ, ಹವಾ ಸರಿಯಿಲ್ಲ ಅಂತ ಓಡಾಡ್ತಿರ್ತೀವಿ. ನಾನೂ ಒಂದು ಬೇಸಿಗೆ ಪೂರ್ತಿ ಹಾಗೇ ಕಳೆದೆ, ಕೋಳಿ ಜುಟ್ಟು ಬಿಳಿಚಿಕೊಂಡಿದ್ದು ಕಣ್ಣೆದುರೇ ಇತ್ತು, ಕೋಲು ಎತ್ತಿ ನೋಡಬೇಕು ಅಂತ ಹೊಳೀಲಿಲ್ಲ, ಕಾವಿಗೆ ಕೂತಿದ್ದ ಒಂದು ಹೇಂಟೆ ಹೋಗೇಬಿಡ್ತು. ಆ ಹೇಂಟೆನ ಇವತ್ತಿಗೂ ಮರೆತಿಲ್ಲ. ನಿಮ್ಮ ಕೋಳಿಗಳು ಒಳಗೆ ಬರಲ್ಲ ಅಂತ ಹಠ ಮಾಡ್ತಿರೋದಲ್ಲ, ಒಳಗೆ ಏನೋ ಕಚ್ಚುತ್ತೆ ಅಂತ ನಿಮಗೆ ಹೇಳ್ತಿರೋದು.

ಮಾಡ್ಬೇಕಾದ್ದು: ಕೋಲುಗಳನ್ನೆಲ್ಲ ಬಿಚ್ಚಿ ಹೊರಗೆ ತನ್ನಿ, ಕುದಿಯೋ ನೀರು ಹಾಕಿ ಗಟ್ಟಿ ಬ್ರಷ್‌ನಲ್ಲಿ ತಿಕ್ಕಿ, ಬಿಸಿಲಿಗೆ ಒಣಗಿಸಿ. ಬಿರುಕು ಬಿಟ್ಟ ಹಳೇ ಕೋಲನ್ನ ಸುಟ್ಟುಬಿಡಿ, ಉಳಿಸಬೇಡಿ. ಹಾಸು ಪೂರ್ತಿ ತೆಗೀರಿ, ಗೂಡಿನ ಸಂದಿ ಸಂದಿಗೂ ಬಿಸಿನೀರು ಹೋಗ್ಲಿ. ಬೆಚ್ಚಗಿರೋ ಕಾಲದಲ್ಲಿ ಮೊಟ್ಟೆಯಿಂದ ದೊಡ್ಡದಾಗೋಕೆ ಅದಕ್ಕೆ ವಾರ ಸಾಕು, ಆದ್ದರಿಂದ ಒಂದು ಸಲ ತೊಳೆದು ಸುಮ್ಮನಾದ್ರೆ ಪ್ರಯೋಜನ ಇಲ್ಲ, ಐದಾರು ದಿನಕ್ಕೊಮ್ಮೆ ಮೂರ್ನಾಲ್ಕು ಸಲ ಇದೇ ಕೆಲಸ ಮಾಡ್ಬೇಕು. ಗೂಡು ಕೆಲವು ವಾರ ಖಾಲಿ ಬಿಟ್ರೆ ಸಾಯುತ್ತೆ ಅಂತ ನಂಬಬೇಡಿ, ತಂಪಾದ ಜಾಗದಲ್ಲಿ ರಕ್ತ ಇಲ್ಲದೆ ತಿಂಗಳುಗಟ್ಟಲೆ ಬದುಕಿರುತ್ತೆ. ಔಷಧಿ ಬೇಕು ಅನ್ಸಿದ್ರೆ ಕೋಳಿಗೇ ಅಂತ ಇರೋದನ್ನ ವೈದ್ಯರನ್ನ ಕೇಳಿ ಹಾಕಿ, ಮನೇಲಿರೋ ಜಿರಳೆ ಸ್ಪ್ರೇ ಹೊಡೀಬೇಡಿ, ಅದು ಕೋಳಿಗೂ ವಿಷ, ಮೊಟ್ಟೆಗೂ ಇಳಿಯಬಹುದು. ಕೋಲನ್ನ ಮೊಳೆ ಹೊಡೆಯದೆ ಕಚ್ಚಿನಲ್ಲಿ ಕೂರಿಸಿ ಅಂತ ಮೇಲೆ ಬರೆದಿದ್ದು ಇದಕ್ಕೇ.

ಪ್ರಶ್ನೆ: ಮರಿಗಳಿಗೆ ಮೂರು ವಾರ. ಕೋಲು ಯಾವಾಗ ಕೊಡಬೇಕು? ಬೇಗ ಕೊಟ್ರೆ ಎದೆಮೂಳೆ ಸೊಟ್ಟ ಆಗುತ್ತೆ ಅಂತ ಹೇಳ್ತಾರೆ.

ಉತ್ತರ: ಈಗಲೇ ಕೊಡಿ. ಎರಡನೇ ವಾರಕ್ಕೇ ಮರಿಗಳು ನೀರಿನ ಪಾತ್ರೆ ಅಂಚು, ಇಟ್ಟಿಗೆ, ತಾಯಿ ಬೆನ್ನು ಏನು ಸಿಕ್ಕಿದ್ರೂ ಹತ್ತೋಕೆ ನೋಡ್ತವೆ. ನೆಲದಿಂದ ಒಂದು ಅಂಗೈ ಎತ್ತರಕ್ಕೆ, 2-3 ಸೆಂ.ಮೀ. ಅಗಲದ ಚಪ್ಪಟೆ ಕಡ್ಡಿ ಇಡಿ, ಬೆಳೆದ ಹಾಗೆ ಎತ್ತರನೂ ಅಗಲನೂ ಹೆಚ್ಚಿಸಿ. ಮೂಳೆ ಸೊಟ್ಟ ಆಗೋ ಭಯ ಪೂರ್ತಿ ಸುಳ್ಳಲ್ಲ, ಎಳೆ ಮೂಳೆ ಸಣ್ಣ, ಚೂಪು ಕೋಲಿಗೆ ದಿನಾ ಒತ್ತಿದ್ರೆ ಬಾಗುತ್ತೆ, ಅದಕ್ಕೇ ಚಪ್ಪಟೆ ಅಂದಿದ್ದು. ಚಿಕ್ಕಂದಿನಲ್ಲಿ ಹತ್ತಿ ಇಳಿದು ಅಭ್ಯಾಸ ಆದ ಮರಿಗೆ ಕಾಲಿಗೂ ರೆಕ್ಕೆಗೂ ಬಲ ಬರುತ್ತೆ, ದೂರ ಅಂದಾಜು ಮಾಡೋದು ಕಲಿಯುತ್ತೆ. ಕೋಲೇ ನೋಡದೆ ಬೆಳೆದ ಕೋಳಿನ ದೊಡ್ಡದಾದ ಮೇಲೆ ಹತ್ತಿಸೋದು ತುಂಬಾ ಕಷ್ಟ. ರಾತ್ರಿ ಇನ್ನೂ ಕೆಳಗೇ ಗುಂಪಾಗಿ ಮಲಗಿದ್ರೆ ಬಿಟ್ಬಿಡಿ, ಬೆಚ್ಚಗಿರೋಕೆ ಹಾಗೆ ಮಾಡ್ತವೆ, ಒತ್ತಾಯ ಬೇಡ.

ಪ್ರಶ್ನೆ: ಎರಡು ಹೇಂಟೆ ಗೂಡು ಬಿಟ್ಟು ಮರದ ಮೇಲೆ ಮಲಗ್ತವೆ. ಅವುಗಳ ಸ್ವಭಾವನೇ ಅದು, ಬಿಟ್ಬಿಡೋದಾ?

ಉತ್ತರ: ಸ್ವಭಾವ ಹೌದು, ಕೋಳಿ ಮೂಲದಲ್ಲಿ ಮರ ಹತ್ತಿ ಮಲಗೋ ಹಕ್ಕಿನೇ. ಅರ್ಧ ಮಿದುಳು ಎಚ್ಚರ ಇಟ್ಕೊಂಡು ಒಂದು ಕಣ್ಣು ತೆರೆದು ನಿದ್ದೆ ಮಾಡೋ ಶಕ್ತಿನೂ ಅದಕ್ಕಿದೆ. ಆದ್ರೂ ಗೂಬೆ, ಕಾಡುಬೆಕ್ಕು ಬಂದ್ರೆ ಕತ್ತಲಲ್ಲಿ ಅದು ಎಲ್ಲಿಗೂ ಹಾರಲಾರದು. ಒಳಗೆ ತನ್ನಿ. ಅದಕ್ಕೂ ಮುಂಚೆ ಗೂಡಿಗೆ ನೀವೇ ತಲೆ ಹಾಕಿ ಉಸಿರು ಎಳೆದು ನೋಡಿ, ಕಣ್ಣು ಮೂಗು ಉರಿದ್ರೆ ಅವು ಯಾಕೆ ಮರಕ್ಕೆ ಹೋದ್ವು ಅಂತ ಗೊತ್ತಾಗುತ್ತೆ. ರಾತ್ರಿ ಬೀಳೋ ಹಿಕ್ಕೆ ಎಲ್ಲ ಕೋಲಿನ ಅಡೀಲೇ ರಾಶಿಯಾಗಿ ಅಮೋನಿಯಾ ಏಳುತ್ತೆ. ಕೋಲಿನ ಕೆಳಗೆ ಒಂದು ಗೇಣು ಬಿಟ್ಟು ಹಲಗೆ ಇಟ್ಟು ದಿನಾ ಬೆಳಗ್ಗೆ ಕೆರೆದು ತೆಗೀರಿ, ಗಾಳಿ ಕಿಂಡಿ ಕೋಳಿ ತಲೆಗಿಂತ ಮೇಲಿರ್ಲಿ, ಗಾಳಿ ನೇರ ಮೈಗೆ ಹೊಡೀಬಾರದು. ಆಮೇಲೆ ಹತ್ತು ದಿನ ಹೊರಗೆ ಬಿಡದೆ ಗೂಡಲ್ಲೇ ಇಟ್ರೆ ಹೊಸ ಕೋಲಿಗೆ ಒಗ್ಗಿಕೊಳ್ತವೆ.

ಪ್ರಶ್ನೆ: ಸಿಲ್ಕಿ ಕೋಳಿ ಕೋಲು ಹತ್ತೋದೇ ಇಲ್ಲ, ಎಲ್ಲ ಸೇರಿ ಮೂಲೇಲಿ ಮಲಗ್ತವೆ. ಬಾತುಕೋಳಿನೂ ಇದೆ, ಅದಕ್ಕೂ ಕೋಲು ಬೇಕಾ?

ಉತ್ತರ: ಸಿಲ್ಕಿ ಪುಕ್ಕದಲ್ಲಿ ಹಾರೋಕೆ ಬೇಕಾದ ಬಿಗಿ ಇಲ್ಲ. ಒಂದು ಗೇಣು ಎತ್ತರಕ್ಕೆ ಅಗಲ ಹಲಗೆ ಇಟ್ಟು ನೋಡಿ, ಹತ್ತಿದ್ರೆ ಸರಿ, ಇಲ್ಲಾಂದ್ರೆ ಒಣ ಹಾಸು ಕೊಟ್ಟು ಮೂಲೇಲೇ ಮಲಗೋಕೆ ಬಿಡಿ, ಅದೇನು ಕಾಯಿಲೆ ಅಲ್ಲ. ಮಾಮೂಲಿ ಬಾತುಕೋಳಿಗೆ ಕೋಲು ಬೇಡ, ನೆಲದಲ್ಲೇ ಮಲಗುತ್ತೆ. ಮಸ್ಕೊವಿ ಜಾತಿ ಒಂದು ಮಾತ್ರ ಉಗುರಿರೋ ಕಾಲಲ್ಲಿ ಹತ್ತಿ ಕೂರುತ್ತೆ, ನಿಮ್ಮದು ಅದೇ ಆಗಿದ್ರೆ ಅಗಲದ್ದೊಂದು ತಗ್ಗಲ್ಲಿ ಹಾಕಿ. ಕೋಳಿ ಕೋಲಿನ ಕೆಳಗೆ ಮಾತ್ರ ಬಾತುಕೋಳಿ ಮಲಗೋ ಹಾಗೆ ಮಾಡ್ಬೇಡಿ, ರಾತ್ರಿಯೆಲ್ಲ ಅದರ ಮೈ ಮೇಲೇ ಹಿಕ್ಕೆ ಬೀಳ್ತಿರುತ್ತೆ.